ಅರಗಿನ ತಟ್ಟೆಯೊಳಗ ಯಾರ ನಗು

ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ಚೊಳಚಗುಡ್ಡದ ಜಾತ್ರೆ ಮುಗಿಯುವುದಿಲ್ಲ. ಬನಶಂಕರಿಯ ಹೆಸರಿನ ಈ ಜಾತ್ರೆ ತಿಂಗಳೊಪ್ಪತ್ತು ನಡೀತದ. ಬಾಗಿಲ ಚೌಕಟ್ಟು ಕೊಳ್ಳಲು ಬರುವವರು ಬೇರೆ, ಇಳಕಲ್ ಸೀರೆ, ಗುಳೇದಗುಡ್ಡದ ಖಣ ಕೊಳ್ಳಲು ಬರುವವರು ಬೇರೆ. ಅರ್ಧ ಜನ ಬರುವುದು ನಾಟಕಕ್ಕೆ. ತಗಡು ಬಡಿದು ಕಟ್ಟಿದ ಥೇಟರುಗಳು ಸಾಲಾಗಿ ನಿಂತಿರ್ತಾವ. ಒಂದರ ಮೈಕು ಇನ್ನೊಂದರ ಮೈಕಿನ ಮೇಲೆ ಬಿದ್ದು ಯಾರು ಅಳ್ತಾರ, ಯಾರು ನಗ್ತಾರ ತಿಳಿಯುವುದಿಲ್ಲ. ನಾವು ನಾಕು ಮಂದಿ ಗೆಳೆಯರು ಅಲ್ಲಿಗೆ ಹೋಗುವುದು ಗುಜರಿ ಸಾಮಾನಿನ ಗುಡ್ಡೆ ಕೆದಕಲಿಕ್ಕೆ. ಹಳೆ ಬೀಗ, ತಾಮ್ರದ ಕೊಡ, ಕಿವಿ ಮುರಿದ ಕೊಪ್ಪರಿಗೆಗಳ ಕೆಳಗೆ ಒಮ್ಮೊಮ್ಮೆ ಕರೀ ಪ್ಲೇಟುಗಳು ಸಿಗ್ತಾವ. ಗ್ರಾಮಾಫೋನ್ ಪ್ಲೇಟುಗಳು. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗುವ, ಕೈ ಜಾರಿದರೆ ಹಂಚಿನ ಹಾಗೆ ಒಡೆಯುವ ಪ್ಲೇಟುಗಳು.

"ಮಷೀನ ಇಲ್ಲ, ಪಿನ್ನ ಇಲ್ಲ, ಇದನ್ನ ತಗೊಂಡ ಏನ್ ಮಾಡ್ತೀರಿ ತಮ್ಮಾ?" ಎಂದು ಗುಜರಿಯ ಕಾಕಾ ನಗುತ್ತಾನೆ. "ಕೇಳ್ತೀವಿ ಕಾಕಾ" ಅಂದರೆ ಇನ್ನೂ ಜೋರು ನಗುತ್ತಾನೆ.

ನಾವು ಹುಡುಕುವುದು ಒಂದು ವಿಶೇಷ ಜಾತಿಯ ಪ್ಲೇಟು. (ಜಾತಿ ಎಂಬ ಮಾತು ಇಲ್ಲಿಯೂ ಬಂತು ನೋಡ್ರಿ.) ಅವು ಅಣಕಿನ ಪ್ಲೇಟುಗಳು. ಒಬ್ಬರ ಹಾಡನ್ನು ಇನ್ನೊಬ್ಬರು ಸೊಟ್ಟ ಬಾಯಿ ಮಾಡಿ ಹಾಡಿ ನಗಿಸಿದ ಪ್ಲೇಟುಗಳು. ಭಕ್ತಿಗೀತೆಯ ಪ್ಲೇಟನ್ನು ಮನೆಯವರು ಅರಿವೆಯಲ್ಲಿ ಸುತ್ತಿ ಇಡುತ್ತಾರೆ. ಉಸ್ತಾದರ ಪ್ಲೇಟನ್ನು ಶಹರದ ಶ್ರೀಮಂತರು ಕೊಂಡು ಒಯ್ಯುತ್ತಾರೆ. ನಗೆಯ ಪ್ಲೇಟಿಗೆ ವಾರಸುದಾರರಿಲ್ಲ. ನಕ್ಕು ಮುಗಿದ ಮೇಲೆ ಅದನ್ನು ಯಾರು ಕೇಳ್ತಾರ? ಹೋದ ಸಲ ನಮಗೆ ಸಿಕ್ಕದ್ದು 1957ರ ಹಿಂದಿ ಸಿನೆಮಾ 'ಆಶಾ'ದ ಪ್ಲೇಟು. ಲೇಬಲ್ಲು ಅರ್ಧ ಹರಿದಿತ್ತು. ಉಳಿದರ್ಧದಲ್ಲಿ ಆ ಪ್ರಸಿದ್ಧ ಹಾಡಿನ ಹೆಸರಿನ ಮೂರು ಪದಗಳಲ್ಲಿ ಒಂದೇ ಪದ ಓದಲು ಬರುತ್ತಿತ್ತು: ಮೀನಾ. ನಮ್ಮ ದೇಶದ ಮನೆಮನೆಗೆ ರಾಕ್ ಅಂಡ್ ರೋಲ್ ಎಂಬುದನ್ನು ನಗೆಯ ರೂಪದಲ್ಲಿ ಒಯ್ದ ಹಾಡು ಅದು. ಇದರ ಇತಿಹಾಸ ಬರೆಯಬೇಕೆಂದರೆ ಹಾಡಿಗಿಂತ ಮೊದಲು ತಟ್ಟೆಯ ಇತಿಹಾಸ ಬರೆಯಬೇಕು.

ಈ ಪ್ಲೇಟು ಅರಗಿನದು. ಮುತ್ತುಗ, ಬೋರೆ, ಕುಸುಮದ ಮರದ ಟೊಂಗೆಗಳ ಮೇಲೆ ಒಂದು ಸಣ್ಣ ಹುಳ ಕೂತು ರಸ ಹೀರಿ ತನ್ನ ಸುತ್ತ ಗೂಡು ಕಟ್ಟುತ್ತದೆ. ಆ ಗೂಡೇ ಅರಗು. ಅದನ್ನು ಕೆರೆದು ತಂದವರು ಛೋಟಾನಾಗಪುರದ ಕಾಡಿನ ಆದಿವಾಸಿಗಳು, ಮುಂಡಾ ಮತ್ತು ಉರಾಂವ ಜನ. ತಂದ ಅರಗನ್ನು ಕುಟ್ಟಿ, ಕಲ್ಲಿನ ತೊಟ್ಟಿಯಲ್ಲಿ ನೀರು ಹಾಕಿ ಕಾಲಿನಿಂದ ತುಳಿದು ತೊಳೆಯುತ್ತಿದ್ದರು. ಒಣಗಿದ ಕಾಳನ್ನು ಉದ್ದನೆಯ ಅರಿವೆಯ ಚೀಲದಲ್ಲಿ ತುಂಬಿ, ಬೆಂಕಿಯ ಮುಂದೆ ಹಿಡಿದು, ಚೀಲವನ್ನು ಹಿಂಡಿ ಕರಗಿದ ಅರಗನ್ನು ತೆಗೆಯುತ್ತಿದ್ದರು. ಆಮೇಲೆ ಒಬ್ಬ ಕೆಲಸಗಾರ ಆ ಬಿಸಿ ಹಾಳೆಯನ್ನು ಎರಡು ಕೈ, ಎರಡು ಕಾಲು ಮತ್ತು ಹಲ್ಲುಗಳಲ್ಲಿ ಹಿಡಿದು, ಬೆಂಕಿಯ ಎದುರೇ ನಿಂತು, ಮೈ ಬಾಗಿಸಿ ಎಳೆದು ತೆಳುವಾಗಿ ಹಿಗ್ಗಿಸುತ್ತಿದ್ದ. ಹಲ್ಲಿನಿಂದ ಅಂತ ಮತ್ತೊಮ್ಮೆ ಓದ್ರಿ. ಜಗತ್ತಿನ ಎಲ್ಲ ಹಾಡೂ ಐವತ್ತು ವರ್ಷ ಕಾಲ ಈ ಮನುಷ್ಯನ ಹಲ್ಲಿನ ಮೂಲಕ ಹಾದು ಹೋಗ್ಯಾವ.

ಪ್ಲೇಟಿನಲ್ಲಿ ಅರಗಿನ ಪಾಲು ಮೂರನೇ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ಉಳಿದದ್ದು ಕಲ್ಲಿನ ಪುಡಿ, ಹತ್ತಿಯ ನಾರು, ಕಪ್ಪು ಬಣ್ಣಕ್ಕೆ ಮಸಿ. ಆದರೆ ಅರಗು ಇಲ್ಲದೆ ಇವು ಒಂದಕ್ಕೊಂದು ಅಂಟುವುದಿಲ್ಲ, ಗೆರೆ ಮೂಡುವುದಿಲ್ಲ. ಆ ಅರಗಿನ ವ್ಯಾಪಾರ ಹೆಚ್ಚುಕಡಿಮೆ ಪೂರಾ ಹಿಂದೂಸ್ತಾನದ್ದೇ. 1924ರಲ್ಲಿ ರಾಂಚಿಯ ಬಳಿಯ ನಾಮಕುಮದಲ್ಲಿ ಅರಗಿನ ಸಂಶೋಧನೆಗೆ ಅಂತ ಒಂದು ಸಂಸ್ಥೆಯೇ ಆಯಿತು. ಎರಡನೇ ಮಹಾಯುದ್ಧದಲ್ಲಿ ಅರಗು ಸಾಲದೆ ಬಂದಾಗ, 1942ರಲ್ಲಿ ಅಮೆರಿಕದ ಸರಕಾರ ಪ್ಲೇಟು ಮಾಡುವ ಕಂಪನಿಗಳಿಗೆ ಸಿಗುವ ಅರಗನ್ನು ನೂರಕ್ಕೆ ಎಪ್ಪತ್ತರಷ್ಟು ಕಡಿತ ಮಾಡಿತು. ಹಳೆ ಪ್ಲೇಟುಗಳನ್ನು ವಾಪಸು ತಗೊಂಡು ಕರಗಿಸಿ ಹೊಸದು ಒತ್ತಿದರು. ಕಾಡಿನ ಟೊಂಗೆಯಿಂದ ಸರಕು ಬರದಿದ್ದರೆ ನ್ಯೂಯಾರ್ಕಿನ ಹಾಡು ಬಾಯಿ ಮುಚ್ಚಬೇಕಾಗಿತ್ತು.

ಅರಗು ಅಂದಕೂಡಲೆ ನಮ್ಮ ಮಾಸ್ತರರು ಹೇಳುತ್ತಿದ್ದ ಅರಗಿನ ಮನೆ ನೆನಪಾಗ್ತದ. ಪಾಂಡವರು ಸುರಂಗದಿಂದ ಪಾರಾದರು ಎಂಬಲ್ಲಿಗೆ ಕಥೆ ಮುಗಿದು ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಆ ರಾತ್ರಿ ಆ ಮನೆಯಲ್ಲಿ ಉಣ್ಣಲು ಬಂದು ಮಲಗಿದ್ದ ಒಬ್ಬ ನಿಷಾದ ಹೆಂಗಸು ಮತ್ತು ಅವಳ ಐದು ಗಂಡುಮಕ್ಕಳು ಸುಟ್ಟು ಬೂದಿಯಾದದ್ದನ್ನು ಮಾಸ್ತರರು ಹೇಳಲಿಲ್ಲ. ಆರು ಹೆಣ ಸಿಕ್ಕದ್ದರಿಂದಲೇ ಪಾಂಡವರು ಸತ್ತರೆಂದು ಲೋಕ ನಂಬಿದ್ದು. ಅದು ವ್ಯಾಸರ ಪುಸ್ತಕದಲ್ಲೇ ಇದೆ. ಕಾಲೇಜಿಗೆ ಬಂದ ಮೇಲೆ ನಾವೇ ಓದಿ ತಿಳಿದೆವು.

ಇರಲಿ, ಪ್ಲೇಟಿಗೆ ಬರೋಣ.

1902ರ ನವೆಂಬರಿನಲ್ಲಿ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲಕತ್ತೆಗೆ ಬಂದು ಈ ನೆಲದ ಮೊದಲ ದನಿಗಳನ್ನು ಹಿಡಿದ. ಮೊದಲು ಹಾಡಿದವರು ನಾಟಕದ ಇಬ್ಬರು ಹುಡುಗಿಯರು, ಶಶಿಮುಖಿ ಮತ್ತು ಫಣಿಬಾಲಾ. ಕೆಲವೇ ದಿನದಲ್ಲಿ ಗೌಹರ್ ಜಾನ್ ಹಾಡಿದಳು. ಮಾನವಂತ ಮನೆತನದ ಹೆಂಗಸರು ಆ ಭೋಂಗಾದ ಮುಂದೆ ಬಾಯಿ ತೆರೆಯುತ್ತಿರಲಿಲ್ಲ. ದೊಡ್ಡ ಉಸ್ತಾದರು ಹಿಂಜರಿದರು. ಸಮಾಜ ಯಾರನ್ನು ಕೀಳು ಎಂದು ಹೊರಗಿಟ್ಟಿತ್ತೋ, ಯಾರ ಹಾಡು ಬೇಕು, ಯಾರ ಮನೆಯ ನೀರು ಬೇಡ ಎನ್ನುತ್ತಿತ್ತೋ ಆ ಕೋಠಿಯ ಹೆಂಗಸರು, ನಾಟಕದ ಹೆಂಗಸರು ಧೈರ್ಯ ಮಾಡಿದರು. ಗೌಹರ್ ಜಾನ್ ಪ್ಲೇಟಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಕೂಗಿ ಹೇಳುತ್ತಿದ್ದಳು. ಜರ್ಮನಿಯ ಕಾರ್ಖಾನೆಯಲ್ಲಿ ಲೇಬಲ್ ಹಚ್ಚುವವರಿಗೆ ಗುರುತಾಗಲಿ ಅಂತ ಹಾಗೆ ಮಾಡಿಸುತ್ತಿದ್ದರಂತೆ. ಇರಬಹುದು. ನಮಗೆ ಅದು ಹಂಗ ಕೇಳೂದಿಲ್ಲ. ಹೆಸರಿಲ್ಲದವರ ಕುಲದಿಂದ ಬಂದ ಒಬ್ಬಾಕೆ ಜಗತ್ತಿಗೆ ಹೆಸರು ಹೇಳಿದ ಹಾಗೆ ಕೇಳ್ತದ. ಆಕೆ ಸತ್ತದ್ದು ನಮ್ಮ ಮೈಸೂರಿನಲ್ಲಿ, 1930ರ ಜನವರಿಯಲ್ಲಿ.

ಕಂಪನಿಯ ಲೇಬಲ್ಲಿನ ಮೇಲೆ ನಾಯಿಯೊಂದು ಭೋಂಗಾದ ಮುಂದೆ ಕೂತು ಕಿವಿಗೊಟ್ಟಿರುತ್ತದೆ. ನಮ್ಮ ಕಡೆ ಅದಕ್ಕೆ ನಾಯಿ ಪ್ಲೇಟು ಅಂತಿದ್ರು. ಹಿಸ್ ಮಾಸ್ಟರ್ಸ್ ವಾಯ್ಸ್ ಎಂಬುದನ್ನು ಕನ್ನಡಕ್ಕೆ ತಂದರೆ 'ಧಣಿಯ ದನಿ' ಎಂದಾಗುತ್ತದೆ. ಆ ಹೆಸರನ್ನು ಯಾರೂ ಕನ್ನಡ ಮಾಡಲಿಲ್ಲ, ಯಾಕ ಮಾಡಲಿಲ್ಲೋ.

ಈಗ ರಾಕ್ ಅಂಡ್ ರೋಲ್. ನಮ್ಮ ಓದುಗರಲ್ಲಿ ಹಲವರಿಗೆ ಇದು ಇಂಗ್ಲಿಷ್ ಮೀಡಿಯಂ ಹುಡುಗರ ಚೈನಿ ಎಂಬ ಭಾವನೆ ಇದೆ. ನಮಗೂ ಇತ್ತು. ಧಾರವಾಡದ ಹಾಸ್ಟೆಲಿನಲ್ಲಿ ಇದ್ದಾಗ ಗಿಟಾರು ಹಿಡಿದವರನ್ನು ಕಂಡರೆ ನಾವು ದೂರ ಸರಿಯುತ್ತಿದ್ದೆವು. ಆಮೇಲೆ ತಿಳಿಯಿತು, ಅದು ಹತ್ತಿಯ ಹೊಲದಲ್ಲಿ ಜೀತ ಮಾಡಿದವರ ಮೊಮ್ಮಕ್ಕಳ ಹಾಡು.

ಅಮೆರಿಕದ ಕಪ್ಪು ಜನರ ಹಾಡುಗಳನ್ನು ಅಲ್ಲಿನ ಕಂಪನಿಗಳು ಬಹಳ ಕಾಲ ಬೇರೆ ಪಟ್ಟಿಯಲ್ಲಿ ಇಟ್ಟಿದ್ದವು. 'ರೇಸ್ ರೆಕಾರ್ಡ್' ಅಂದರೆ ಕುಲದ ಪ್ಲೇಟು ಅನ್ನುವುದು ಆ ಪಟ್ಟಿಯ ಹೆಸರು. ಊರ ಹೊರಗಿನ ಕೇರಿಯಂತೆ ಕ್ಯಾಟಲಾಗಿನ ಹೊರಗೊಂದು ಕೇರಿ. 1920ರಲ್ಲಿ ಮೇಮಿ ಸ್ಮಿತ್ ಎಂಬಾಕೆಯ 'ಕ್ರೇಜಿ ಬ್ಲೂಸ್' ಪ್ಲೇಟು ಭರಾಟೆಯಿಂದ ಮಾರಾಟವಾದಾಗ, ಕಪ್ಪು ಜನರ ಹತ್ತಿರವೂ ರೊಕ್ಕ ಇದೆ, ಅವರೂ ಪ್ಲೇಟು ಕೊಳ್ಳುತ್ತಾರೆ ಎಂಬುದು ಧಣಿಗಳಿಗೆ ಹೊಳೆಯಿತು. 1949ರಲ್ಲಿ ಬಿಲ್‌ಬೋರ್ಡ್ ಪತ್ರಿಕೆ ಆ ಪಟ್ಟಿಯ ಹೆಸರನ್ನು 'ರಿದಮ್ ಅಂಡ್ ಬ್ಲೂಸ್' ಎಂದು ಬದಲಿಸಿತು. ಹರಿಜನ ಅಂತ ಹೆಸರು ಬದಲಿಸಿದ ಹಾಗೆ. ಹೆಸರು ಬದಲಾಯ್ತು, ಕೇರಿ ಅಲ್ಲೇ ಉಳೀತು. ಅದೇ ಹಾಡನ್ನು ಬಿಳಿಯ ಹುಡುಗರು ಕುಣಿದು ಕೊಳ್ಳಲು ಶುರು ಮಾಡಿದಾಗ ಅದಕ್ಕೆ ರಾಕ್ ಅಂಡ್ ರೋಲ್ ಎಂಬ ಹೆಸರು ಗಟ್ಟಿಯಾಯಿತು. ರೇಡಿಯೋದಲ್ಲಿ ಆ ಹೆಸರು ಹರಡಿದ ಅಲನ್ ಫ್ರೀಡ್‌ನ ಹೆಸರು ಚಕ್ ಬೆರಿ ಬರೆದ 1955ರ 'ಮೇಬಲೀನ್' ಹಾಡಿನ ಕರ್ತೃಗಳಲ್ಲಿ ಒಬ್ಬ ಎಂದು ಸೇರಿಕೊಂಡಿತು. ಅವನು ಅದರಲ್ಲಿ ಒಂದು ಅಕ್ಷರವನ್ನೂ ಬರೆದವನಲ್ಲ. ಹೊಲ ಉತ್ತವನೊಬ್ಬ, ಉತಾರದಲ್ಲಿ ಹೆಸರು ಇನ್ನೊಬ್ಬಂದು. ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕಪ್ಪು ಹೆಂಗಸು 1952ರಲ್ಲಿ 'ಹೌಂಡ್ ಡಾಗ್' ಹಾಡಿದಳು. ಅದಕ್ಕೆ ತನಗೆ ಐನೂರು ಡಾಲರಿನ ಒಂದೇ ಚೆಕ್ಕು ಬಂದದ್ದು ಎಂದು ಆಕೆ ಹೇಳಿಕೊಂಡಿದ್ದಾಳೆ. 1956ರಲ್ಲಿ ಅದನ್ನೇ ಎಲ್ವಿಸ್ ಪ್ರೀಸ್ಲಿ ಹಾಡಿದಾಗ ಪ್ಲೇಟು ಲಕ್ಷಗಟ್ಟಲೆ ಹೋದವು.

ಆ 1956ನೇ ಇಸವಿಯನ್ನು ಸ್ವಲ್ಪ ನಿಂತು ನೋಡಬೇಕು. ಆ ವರ್ಷ ಏಪ್ರಿಲಿನಲ್ಲಿ ಅಲಬಾಮಾದ ಬರ್ಮಿಂಗಮ್ ಊರಲ್ಲಿ ನ್ಯಾಟ್ ಕಿಂಗ್ ಕೋಲ್ ಎಂಬ ಕಪ್ಪು ಗಾಯಕ ವೇದಿಕೆಯ ಮೇಲೆ ಹಾಡುತ್ತಿದ್ದಾಗಲೇ ಬಿಳಿಯರು ಮೇಲೇರಿ ಬಂದು ಕೆಡವಿ ಹೊಡೆದರು. ಆತ ಹಾಡುತ್ತಿದ್ದದ್ದು ಮೆತ್ತನೆಯ ಪ್ರೇಮಗೀತೆ, ರಾಕ್ ಅಂಡ್ ರೋಲ್ ಕೂಡ ಅಲ್ಲ. ಅದೇ ಊರ ಕಡೆಯ ಬಿಳಿಯರ ಮಂಡಳಿಗಳು ರಾಕ್ ಅಂಡ್ ರೋಲ್ ಕಾಡುಜನರ ಸಂಗೀತ, ಅದನ್ನು ನಿಷೇಧಿಸಿರಿ ಎಂದು ಚಳವಳಿ ಹೂಡಿದ್ದವು. ಅದೇ ವರ್ಷದ ಕೊನೆಗೆ ಮಾಂಟ್‌ಗೊಮರಿಯ ಕಪ್ಪು ಜನ ವರ್ಷಪೂರ್ತಿ ನಡೆದೇ ಓಡಾಡಿ ಬಸ್ಸಿನಲ್ಲಿ ಎಲ್ಲಿ ಬೇಕಾದಲ್ಲಿ ಕೂಡುವ ಹಕ್ಕನ್ನು ಗೆದ್ದರು. ಅದೇ ವರ್ಷ ಅಕ್ಟೋಬರ್ 14ಕ್ಕೆ ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರೊಡನೆ ಬೌದ್ಧರಾದರು. ನವೆಂಬರ್ 1ಕ್ಕೆ ನಮ್ಮ ಬಿಜಾಪುರ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಡಿಸೆಂಬರ್ 6ಕ್ಕೆ ಬಾಬಾಸಾಹೇಬರು ಹೋದರು.

ಮತ್ತೆ ಅದೇ ವರ್ಷ ಸ್ಟಾನ್ ಫ್ರೀಬರ್ಗ್ ಎಂಬ ಬಿಳಿಯ ನಗೆಗಾರ ಕ್ಯಾಪಿಟಲ್ ಕಂಪನಿಗೆ ಎಲ್ವಿಸ್‌ನ 'ಹಾರ್ಟ್‌ಬ್ರೇಕ್ ಹೋಟೆಲ್' ಹಾಡನ್ನು ಅಣಕಿಸಿ ಪ್ಲೇಟು ಕೊಟ್ಟ. ದನಿಗೆ ಪ್ರತಿಧ್ವನಿ ಕೂಡಿಸುವ ಯಂತ್ರ ಅದರಲ್ಲಿ ಹದ ತಪ್ಪಿ ಹಾಡುವವನನ್ನೇ ನುಂಗಿಬಿಡುತ್ತದೆ. ಮೈ ಕುಣಿಸಿ ಕುಣಿಸಿ ಅವನ ಪ್ಯಾಂಟು ಹರಿಯುತ್ತದೆ. ನಾವು ಇದನ್ನು ಕೇಳಿ ನಕ್ಕಿದ್ದೇವೆ, ಸುಳ್ಳು ಯಾಕ ಹೇಳೂಣು. ಯಂತ್ರವನ್ನು ನಂಬಿ ಹಾಡುವವರನ್ನು ಅಣಕಿಸಿದರೆ ತಪ್ಪಿಲ್ಲ. ಆದರೆ ಅದೇ ಮನುಷ್ಯ ಎರಡು ವರ್ಷ ಮೊದಲು, 1954ರಲ್ಲಿ, 'ಶ್-ಬೂಮ್' ಹಾಡನ್ನು ಅಣಕಿಸಿದ್ದ. ಅದು ನ್ಯೂಯಾರ್ಕಿನ ಬ್ರಾಂಕ್ಸಿನ ಐದಾರು ಕಪ್ಪು ಹುಡುಗರು ಕಟ್ಟಿದ ಹಾಡು. ಅದನ್ನು ಮೊದಲು ಬಿಳಿಯ ತಂಡವೊಂದು ಎತ್ತಿಕೊಂಡು ಹಾಡಿ ಪಟ್ಟಿಯ ತುದಿಗೆ ಹೋಯಿತು; ಆಮೇಲೆ ಫ್ರೀಬರ್ಗ್ ಅಣಕಿಸಿದ. ಅವನ ಪ್ಲೇಟಿನ ತಮಾಷೆ ಇಷ್ಟೇ: ಈ ಹಾಡಿನವರಿಗೆ ಮಾತು ಸ್ಪಷ್ಟ ಆಗಬಾರದು, ಬಾಯಿ ತುಂಬ ಏನೋ ಇಟ್ಟುಕೊಂಡವರಂತೆ ತೊದಲಬೇಕು. ಅಂದರೆ, ಇವರಿಗೆ ಭಾಷೆ ಬರೂದಿಲ್ಲ.

ಈ ಮಾತು ನಮಗೆ ಹೊಸದಲ್ಲ. ಶಾಲೆಯಲ್ಲಿ 'ಹಾಲು' ಅನ್ನಲು ಹೋಗಿ 'ಆಲು' ಅಂದಾಗ ಇಡೀ ಕ್ಲಾಸು ನಕ್ಕದ್ದು ನಮ್ಮ ಕಿವಿಯಲ್ಲಿ ಇನ್ನೂ ಇದೆ. ಆ ನಗುವಿನ ಪ್ಲೇಟು ಯಾರೂ ಒತ್ತಲಿಲ್ಲ, ಆದರೂ ಸವೆದಿಲ್ಲ.

ಅದೇ 1956ರ ಜುಲೈ ಒಂದಕ್ಕೆ ಸ್ಟೀವ್ ಅಲನ್ ಎಂಬಾತ ತನ್ನ ಟೀವಿ ಕಾರ್ಯಕ್ರಮದಲ್ಲಿ ಎಲ್ವಿಸ್‌ಗೆ ಬಾಲದ ಕೋಟು ತೊಡಿಸಿ, ಟೋಪಿ ಇಟ್ಟ ಒಂದು ನಾಯಿಯ ಮುಂದೆ ನಿಲ್ಲಿಸಿ 'ಹೌಂಡ್ ಡಾಗ್' ಹಾಡಿಸಿದ. ಬಿಳಿಯನಾದರೂ ಎಲ್ವಿಸ್ ಬಡವರ ಮಗ, ಲಾರಿ ಓಡಿಸಿ ಬಂದವನು, ಕಪ್ಪು ಜನರಂತೆ ಮೈ ಕುಣಿಸುವವನು. ಅವನಿಗೆ ಮರ್ಯಾದೆ ಕಲಿಸುವ ಉಪಾಯ ಇದು. ನಾಯಿ ಪ್ಲೇಟಿನ ನಾಯಿ ಧಣಿಯ ದನಿಗೆ ಕಿವಿಗೊಟ್ಟು ಕೂತಿತ್ತು. ಇಲ್ಲಿ ಹಾಡುಗಾರನೇ ನಾಯಿಗೆ ಹಾಡಬೇಕಾಯಿತು. ಹೊಡೆಯುವವರು ಹೊಡೆದರು, ನಗುವವರು ನಕ್ಕರು. ಹೊಡೆದವರ ಹೆಸರು ಪೊಲೀಸ್ ದಫ್ತರಿಗೆ ಹೋಯಿತು, ನಕ್ಕವರ ಪ್ಲೇಟು ಅಂಗಡಿಗೆ ಬಂತು.

ಅಣಕಿನ ಪ್ಲೇಟುಗಳಲ್ಲಿ ಎಲ್ಲವೂ ಒಂದೇ ತೂಕದವಲ್ಲ ಎಂಬುದನ್ನೂ ಹೇಳಬೇಕು. 1956ರಲ್ಲೇ ಬಂದ ಬುಕಾನನ್ ಮತ್ತು ಗುಡ್‌ಮನ್‌ರ 'ಫ್ಲೈಯಿಂಗ್ ಸಾಸರ್' ಎಂಬುದರಲ್ಲಿ ಆಕಾಶದಿಂದ ತಟ್ಟೆ ಇಳಿದಿದೆ ಎಂದು ರೇಡಿಯೋ ವರದಿಗಾರ ಕೂಗುತ್ತಾನೆ, ಅವನ ಪ್ರಶ್ನೆಗೆ ಉತ್ತರವಾಗಿ ನಿಜವಾದ ಹಾಡುಗಳ ತುಂಡುಗಳೇ ಬರುತ್ತವೆ. ಅದರಲ್ಲಿ ಕಪ್ಪು ಗಾಯಕರ ದನಿ ಅವರದ್ದಾಗಿಯೇ ಕೇಳುತ್ತದೆ, ತೊದಲುವುದಿಲ್ಲ. ಹಾಡಿನ ಹಕ್ಕಿನ ಮೇಲೆ ಜಗಳ ಕೋರ್ಟಿನ ತನಕ ಹೋಯಿತು. ಫ್ರೀಬರ್ಗ್ ಕೂಡ 1960ರಲ್ಲಿ, ರೊಕ್ಕ ತಿಂದು ಹಾಡು ಹಾಕುವ ರೇಡಿಯೋದವರನ್ನೇ ಲೇವಡಿ ಮಾಡಿದ. ಮ್ಯಾಲಿನವರ ಕಡೆ ತಿರುಗಿದ ನಗು ಅದು, ಬೇರೆ ನಗು.

ಅದೇ 1960ರಲ್ಲಿ ಇಂಗ್ಲೆಂಡಿನ ಪೀಟರ್ ಸೆಲ್ಲರ್ಸ್ ಸೋಫಿಯಾ ಲೋರೆನ್ ಜತೆ ಒಂದು ಪ್ಲೇಟು ಹಾಡಿದ. ಅದರಲ್ಲಿ ಅವನು ಹಿಂದೂಸ್ತಾನಿ ಡಾಕ್ಟರ. ನಮ್ಮ ದೇಶದವರು ಇಂಗ್ಲಿಷ್ ಮಾತಾಡುವ ರೀತಿಯೇ ಅದರ ತಮಾಷೆ. ಎರಡು ವರ್ಷ ಹಿಂದೆ ಇದೇ ಸೆಲ್ಲರ್ಸ್ ರಾಕ್ ಹಾಡುವ ಹುಡುಗರನ್ನು ಅಣಕಿಸಿದ್ದ. ಎರಡನ್ನೂ ಒತ್ತಿಸಿದವನು ಮುಂದೆ ಬೀಟಲ್ಸ್‌ರ ಪ್ಲೇಟು ಮಾಡಿದ ಜಾರ್ಜ್ ಮಾರ್ಟಿನ್. ನಮ್ಮಲ್ಲಿಯ ಮೇಲ್ಜಾತಿಯ ಡಾಕ್ಟರ, ಬ್ಯಾರಿಸ್ಟರ ವಿಲಾಯತಿಗೆ ಹೋದಾಗ ಅಲ್ಲಿ ಅವನೂ ತೊದಲುವವನೇ. ಸಮುದ್ರ ದಾಟಿದರೆ ಎಲ್ಲರೂ ಕೇರಿಯವರು.

ಇಂಥ ಪ್ಲೇಟುಗಳನ್ನು ಕೂಡಿಟ್ಟವರಲ್ಲಿ ಅಮೆರಿಕದಲ್ಲಿ ದೊಡ್ಡ ಹೆಸರು ಡಾಕ್ಟರ್ ಡಿಮೆಂಟೊ ಎಂಬ ವೇಷದ ಬ್ಯಾರಿ ಹ್ಯಾನ್ಸನ್‌ದು. 1970ರಿಂದ ದಶಕಗಟ್ಟಲೆ ರೇಡಿಯೋದಲ್ಲಿ ನಗೆಯ ಪ್ಲೇಟುಗಳನ್ನೇ ಹಾಕಿದ. ಆ ಮನುಷ್ಯ ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಬರೆದದ್ದು ರಿದಮ್ ಅಂಡ್ ಬ್ಲೂಸ್ ಬೆಳೆದು ಬಂದ ದಾರಿಯ ಮೇಲೆ. ಅಣಕಿಗೆ ಗುರಿಯಾದ ಹಾಡನ್ನು ಮೊದಲು ಕಲಿತು ಆಮೇಲೆ ಅಣಕನ್ನು ಕೂಡಿಟ್ಟ. ಈ ಕ್ರಮ ನಮಗೆ ಸರಿ ಅನಿಸ್ತದ.

ಹಿಂದೂಸ್ತಾನಕ್ಕೆ ಈ ಗಾಳಿ ಮುಂಬೈ ಬಂದರಿನಿಂದ ಬಂತು. 'ಆಶಾ'ದ ಸಂಗೀತ ಸಿ. ರಾಮಚಂದ್ರರದು. ಕಿಶೋರಕುಮಾರನೂ ಹಾಡಿದ, ಆಶಾ ಭೋಸಲೆಯೂ ಹಾಡಿದಳು. ಸಂಗೀತದ ಕೋಣೆಯ ಹೊರಗೆ ಮಕ್ಕಳು ಆಟದಲ್ಲಿ ಎಣಿಸುತ್ತಿದ್ದ ಪದಗಳಿಂದ ಪಲ್ಲವಿ ಹುಟ್ಟಿತೆಂದೂ, ಜಾನ್ ಗೋಮ್ಸ್ ಎಂಬ ಗೋವೆಯ ವಾದ್ಯಗಾರ ತನ್ನ ಕೊಂಕಣಿಯ 'ನನಗೆ ಬೇಡ' ಎಂಬ ಮಾತನ್ನು ಅದಕ್ಕೆ ಪೋಣಿಸಿದನೆಂದೂ ಹೇಳುತ್ತಾರೆ. ಹಿಂದಿ ಸಿನೆಮಾದ ಟ್ರಂಪೆಟ್ಟು, ಸ್ಯಾಕ್ಸೊಫೋನು ಊದಿದವರು, ಸ್ವರಗಳನ್ನು ಕಾಗದದ ಮೇಲೆ ಬರೆದು ಕೊಟ್ಟವರು ಬಹಳ ಮಂದಿ ಇಂಥ ಗೋವೆಯ ಬಡ ಕ್ರೈಸ್ತರು, ಚರ್ಚಿನ ಶಾಲೆಯಲ್ಲಿ ವಾದ್ಯ ಕಲಿತವರು. ನಮ್ಮ ಹರಿದ ಲೇಬಲ್ಲಿನಲ್ಲಿ ಅವರ ಹೆಸರು ಇರಲಿಲ್ಲ. ಹರಿಯದೆ ಇದ್ದರೂ ಇರುತ್ತಿರಲಿಲ್ಲ. 1965ರಲ್ಲಿ 'ಭೂತ್ ಬಂಗ್ಲಾ' ಸಿನೆಮಾದಲ್ಲಿ ಮನ್ನಾ ಡೇ ಟ್ವಿಸ್ಟ್ ಹಾಡು ಹಾಡುವ ಹೊತ್ತಿಗೆ ಇದು ನಗೆಪಾತ್ರದ ಖಾಯಂ ಸರಕಾಗಿತ್ತು. ಅದರ ಮೂಲ ಚಬಿ ಚೆಕರ್ ಎಂಬ ಕಪ್ಪು ಗಾಯಕನದು ಅಂತ ಜಾತ್ರೆಯಲ್ಲಿ ಕುಣಿದವರಿಗೆ ಯಾರು ಹೇಳಬೇಕು?

ಕನ್ನಡದಲ್ಲಿ ಪರದೇಶದ ಹಾಡನ್ನು ತಿರುಗಿಸಿ ನಗಿಸುವ ಕೆಲಸ ರಾಕ್ ಅಂಡ್ ರೋಲಿಗಿಂತ ಬಹಳ ಹಳೆಯದು. ಟಿ.ಪಿ. ಕೈಲಾಸಂ (1884–1946) ವಿಲಾಯತಿಯಲ್ಲಿ ಭೂಗರ್ಭಶಾಸ್ತ್ರ ಓದಲು ಹೋಗಿ ಅಲ್ಲಿಯ ಹಾಡುಮನೆಗಳ ಹಾಡು ಕಲಿತು ಬಂದರು. ಸಿಪಾಯಿಗಳ ಟಿಪ್ಪರರಿ ಅವರ ಬಾಯಲ್ಲಿ ತಿಪ್ಪಾರಳ್ಳಿಯಾಯಿತು. ಕಾನ್‌ಸ್ಟಾಂಟಿನೋಪಲ್ ಎಂಬ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಕೂಗುವ ಹಾಡು 'ಕೋಳೀಕೆ ರಂಗ' ಆಯಿತು. ಕೊಂಬು, ದೀರ್ಘ, ಒತ್ತು ಎಲ್ಲವೂ ತಾಳಕ್ಕೆ ಬಿದ್ದವು. ಇದಕ್ಕಿಂತ ಜಾಣ ಅಣಕು ಕನ್ನಡದಲ್ಲಿ ಇನ್ನೊಂದಿಲ್ಲ. ಬಿಳಿಯರ ಹಾಡನ್ನು ಹಳ್ಳಿಗೆ ಎಳೆದು ತಂದದ್ದು ನಮಗೆ ಖುಷಿಯೇ. ಆದರೆ ರಂಗ ಎಂಬ ಹಳ್ಳಿಗ ಯಾಕೆ ನಗೆಯ ಸರಕು? ತನ್ನ ಹೆಸರಿನ ಕಾಗುಣಿತ ಹೇಳುವುದೇ ನಗೆಯಾಗುವುದು ಯಾವ ನಾಡಿನಲ್ಲಿ? ಅಕ್ಷರ ಕೆಲವರ ಮನೆಯ ಸೊತ್ತಾಗಿದ್ದ ನಾಡಿನಲ್ಲಿ. ಇಷ್ಟು ಹೇಳಿ ಕೈಲಾಸಂ ಅವರನ್ನು ಬದಿಗೆ ತಳ್ಳಿಬಿಡಲು ನಮ್ಮ ಕೆಲವು ಗೆಳೆಯರು ಅವಸರ ಮಾಡುತ್ತಾರೆ. ನಮಗೆ ಅದು ಆಗುವುದಿಲ್ಲ. ಏಕಲವ್ಯನ ಬಗ್ಗೆ ಇಂಗ್ಲಿಷಿನಲ್ಲಿ 'ದಿ ಪರ್ಪಸ್' ಎಂಬ ನಾಟಕ ಬರೆದು, ಹೆಬ್ಬೆರಳು ಕಳೆದುಕೊಂಡ ಆ ನಿಷಾದ ಹುಡುಗನಿಗೆ ಮರ್ಯಾದೆ ಕೊಟ್ಟವರೂ ಅವರೇ. ಅರಗಿನ ಮನೆಯ ತಾಯಿಯ ಕುಲದವನೇ ಆ ಹುಡುಗ.

ನಮ್ಮ ಕಡೆ ಅಣಕಿನ ದೊಡ್ಡ ಕಾರ್ಖಾನೆ ಕಂಪನಿ ನಾಟಕ. ಅದಕ್ಕೆ ಬನಶಂಕರಿ ಜಾತ್ರೆಗಿಂತ ದೊಡ್ಡ ಸಂತೆ ಇಲ್ಲ. ಮೊದಲಿನಿಂದಲೂ ನಾಟಕದ ಹಾಡುಗಳು ಇನ್ನೊಂದರ ಧಾಟಿಯ ಮೇಲೆ ಹುಟ್ಟಿದವು. ಹಳೆ ಹಾಡಿನ ಪುಸ್ತಕ ತೆಗೆದರೆ ಪದ್ಯದ ನೆತ್ತಿಯ ಮೇಲೆ ಯಾವ ಮರಾಠಿ ಪದದ ಧಾಟಿ, ಯಾವ ಪಾರಸಿ ಪದದ ಧಾಟಿ ಎಂದು ಅಚ್ಚು ಹಾಕಿರುತ್ತಾರೆ. ಸಿನೆಮಾ ಬಂದ ಮೇಲೆ ಸಿನೆಮಾದ ಧಾಟಿ. ಹೊಸ ಪ್ಲೇಟು ಬಂತೆಂದರೆ ಹಾಸ್ಯದ ಪಾತ್ರದವನು ಅದನ್ನು ಕೇಳಿ, ಮಾತು ಬದಲಿಸಿ, ಅದೇ ವಾರ ರಂಗದ ಮೇಲೆ ತರುತ್ತಿದ್ದ. ಜನ 'ಒನ್ಸ್ ಮೋರ್' ಅನ್ನುವ ತನಕ ಬಿಡುತ್ತಿರಲಿಲ್ಲ. ನಾಟಕ ಶುರುವಾಗುವ ಮೊದಲು ಥೇಟರಿನ ಮೈಕಿನಲ್ಲಿ ಮೂಲ ಪ್ಲೇಟು, ನಡುವೆ ರಂಗದ ಮೇಲೆ ಅದರ ಅಣಕು. ಎರಡೂ ಒಂದೇ ಟಿಕೀಟಿನಲ್ಲಿ.

ಆ ಹಾಸ್ಯದವನ ಒಂದು ಮೆಚ್ಚಿನ ಸೋಗು ಯಾವುದೆಂದು ಬಲ್ಲಿರಿ. ಬಿಗಿ ಪ್ಯಾಂಟು, ಕರೀ ಕನ್ನಡಕ, ಹಣೆಯ ಮೇಲೆ ಗುಂಗುರು ಕೂದಲು, ಅರೆಬರೆ ಇಂಗ್ಲಿಷು. ಕಾಲೇಜು ಕಲಿತು ಊರಿಗೆ ಬಂದವನು. ಅವನು ಬಂದು ಟ್ವಿಸ್ಟು ಹಾಕಿದರೆ ಥೇಟರು ಬಿದ್ದು ನಗುತ್ತಿತ್ತು. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಕೊಂಡ ಗೌಡರು ಬಹಳ ನಗುತ್ತಿದ್ದರು. ಶ್ರೀಮಂತರ ಮಗ ಪ್ಯಾಂಟು ಹಾಕಿದರೆ ಅದು ಫ್ಯಾಶನ್ನಿನ ಅಣಕು, ಸರಿ. ಕೂಲಿ ಮಾಡಿದವನ ಮಗ ಕಲಿತು ಅದೇ ಪ್ಯಾಂಟು ಹಾಕಿ ಬಂದರೆ? ಆಗ ನಗು ಪ್ಯಾಂಟಿನ ಮೇಲಲ್ಲ. ನಮ್ಮಲ್ಲೊಬ್ಬ ಡಿಗ್ರಿ ಮುಗಿಸಿ ಮೊದಲ ಸಲ ಇಸ್ತ್ರಿ ಮಾಡಿದ ಅರಿವೆ ತೊಟ್ಟು ಊರಿಗೆ ಬಂದಾಗ ಅಗಸಿ ಕಟ್ಟೆಯ ಮೇಲಿನಿಂದ ಬಂದ ಶೀಟಿ ಜಾತ್ರೆಯ ನಾಟಕದಿಂದಲೇ ಕಲಿತದ್ದು.

ಆದರೂ ಕಂಪನಿ ನಾಟಕವನ್ನು ನಾವು ಬಯ್ಯುವುದಿಲ್ಲ. ಅದರ ಹೆಂಗಸರನ್ನಂತೂ ಬಯ್ಯುವುದೇ ಇಲ್ಲ. ಬೀಳಗಿಯ ಅಮೀರಬಾಯಿ ಕರ್ನಾಟಕಿ ಇದೇ ನೆಲದಿಂದ ಎದ್ದು ಹೋಗಿ 1943ರ 'ಕಿಸ್ಮತ್'ದಲ್ಲಿ ಇಡೀ ದೇಶಕ್ಕೆ ಕೇಳಿಸಿದಳು. ಆಕೆಯ ಅಕ್ಕ ಗೋಹರಬಾಯಿ ಬಾಲಗಂಧರ್ವರ ಜತೆ ರಂಗವೇರಿದಳು. ಹುನಗುಂದದ ಸೂಳೇಭಾವ್ಯಾಗ ಹುಟ್ಟಿದ ಪಿ.ಬಿ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್' 1974ರಲ್ಲಿ ಸಿನೆಮಾ ಆಗಿ, ಎಮ್ಮೆಯ ಮೇಲೆ ಕೂತು ರಾಜಕುಮಾರರೇ ಹಾಡಿದ ಹಾಡು ನಾಡಿನ ತುಂಬ ತಿರುಗಿತು. ಶ್ರೀಮಂತಿಕೆಗೆ ಸವಾಲು ಹಾಕುವ ಕಥೆ ಅದು. ಗೌಡನನ್ನು ಅಣಕಿಸಿದ ನಾಟಕಗಳೂ ಇದೇ ತಗಡಿನ ಕೆಳಗೆ ನಡೆದಾವ. ಕೃಷ್ಣ ಪಾರಿಜಾತದ ಗೊಲ್ಲತಿ ಸುಂಕ ಕೇಳಿದ ದೇವರ ಬಾಯಿ ಮುಚ್ಚಿಸಲಿಲ್ಲವೇನು?

ಧಾಟಿ ಕದಿಯುವುದನ್ನು ನಮ್ಮವರು ಬೇರೆ ಕೆಲಸಕ್ಕೂ ಹಚ್ಚಿದರು. ಮಹಾರಾಷ್ಟ್ರದ ಅಂಬೇಡ್ಕರೀ ಜಲಸಾದವರು 1930ರ ದಶಕದಿಂದಲೇ ಜನರ ಬಾಯಲ್ಲಿದ್ದ ಧಾಟಿಗೆ ಬಾಬಾಸಾಹೇಬರ ಮಾತು ತುಂಬಿದರು. ಮುಂದೆ ಸಿನೆಮಾದ ಧಾಟಿಯನ್ನೂ ಬಿಡಲಿಲ್ಲ. ಹಾಡು ಕೊಳ್ಳಲು ರೊಕ್ಕ ಬೇಕು, ಧಾಟಿಗೆ ಬೇಡ. 1972ರಲ್ಲಿ ನಾಮದೇವ ಢಸಾಳ, ಜೆ.ವಿ. ಪವಾರ ಮೊದಲಾದವರು ಮುಂಬೈಯಲ್ಲಿ ದಲಿತ ಪ್ಯಾಂಥರ್ ಕಟ್ಟಿದಾಗ ಹೆಸರನ್ನು ಅಮೆರಿಕದ ಕಪ್ಪು ಪ್ಯಾಂಥರರಿಂದ ತಂದರು. ಹೋರಾಟದ ಹೆಸರು ಅಲ್ಲಿಂದ ಸೀದಾ ಬಂತು, ಹಾಡು ಮಾತ್ರ ಅಣಕಾಗಿ ಬಂತು. ಈ ಅಂತರ ನಮ್ಮನ್ನು ಕಾಡಿದ್ದರಿಂದಲೇ ಪ್ಲೇಟು ಹುಡುಕಲು ಶುರು ಮಾಡಿದ್ದು.

ಈ ಪ್ಲೇಟುಗಳ ಕಾಲ ಮುಗಿದು ಅರ್ಧ ಶತಮಾನವಾಯಿತು. ಪಶ್ಚಿಮದಲ್ಲಿ 1960ರ ಸುಮಾರಿಗೆ ಅರಗಿನ ಪ್ಲೇಟು ನಿಂತುಹೋದರೂ ಕಲಕತ್ತೆಯ ಡಮ್‌ಡಮ್ ಕಾರ್ಖಾನೆ ಇನ್ನೂ ಕೆಲವು ವರ್ಷ ಒತ್ತುತ್ತಲೇ ಇತ್ತು, ಯಾಕೆಂದರೆ ಕರೆಂಟಿಲ್ಲದ ಹಳ್ಳಿಗಳಲ್ಲಿ ಕೀಲಿ ಕೊಡುವ ಮಷೀನುಗಳೇ ಇದ್ದವು. ಬೀಟಲ್ಸ್‌ರ ಹಾಡನ್ನೂ ಅಲ್ಲಿ ಅರಗಿನ ಮೇಲೆ ಒತ್ತಿದರು. ಹೊರದೇಶದ ಸಂಗ್ರಹಕಾರರು ಈಗ ಅವಕ್ಕೆ ಭಾರಿ ಬೆಲೆ ಕೊಡುತ್ತಾರೆ. ನಮ್ಮ ಬಡತನವೇ ಅವರಿಗೆ ಅಪರೂಪದ ವಸ್ತು. ನಮಗೆ ಅಂಥದು ಒಂದೂ ಸಿಕ್ಕಿಲ್ಲ, ಸಿಕ್ಕರೆ ಮಾರುತ್ತೇವೆ. ಮಾರಿದ ರೊಕ್ಕಕ್ಕೆ ಒಂದು ಒಳ್ಳೆ ಮಷೀನು ಬರ್ತದ.

ನಮ್ಮನ್ನು ಅಣಕಿಸಿದ ಪ್ಲೇಟನ್ನು ನಾವೇ ಯಾಕೆ ಕೂಡಿಡಬೇಕು, ಒಡೆದು ಹಾಕ್ರಿ ಎಂದು ಸಂಘಟನೆಯ ಹಿರಿಯರೊಬ್ಬರು ಕೇಳಿದರು. ಸಿಟ್ಟಿನ ಮಾತು, ನ್ಯಾಯದ ಮಾತು. ನಾವು ಒಡೆಯಲಿಲ್ಲ. ಒಡೆದರೆ ಅವರು ನಕ್ಕೇ ಇರಲಿಲ್ಲ ಅಂತಾರ.

ಹೋದ ಸಲದ ಆ ಪ್ಲೇಟನ್ನು ಸಾಬೂನು ಹಚ್ಚಿ ತಣ್ಣೀರಿನಲ್ಲಿ ತೊಳೆದೆವು. (ಬಿಸಿನೀರು ಹಾಕಬಾರದು, ಅರಗು ಬಾಗ್ತದ. ಸ್ಪಿರಿಟ್ ಅಂತೂ ಮುಟ್ಟಿಸಲೇ ಬಾರದು, ಕರಗಿಹೋಗ್ತದ.) ಒಬ್ಬರ ಮನೆಯಿಂದ ಕೀಲಿ ಮಷೀನು ಕಡ ತಂದು ನಮ್ಮ ಓಣಿಯ ಸಮಾಜ ಮಂದಿರದ ಕಟ್ಟೆಯ ಮೇಲೆ ಇಟ್ಟೆವು. ಪಿನ್ನು ಹಳೆಯದು, ಮೊದಲು ಬರೀ ಕರಕರ. ಆಮೇಲೆ ಕಿಶೋರಕುಮಾರ ಎದ್ದ. ಹುಡುಗರು ಕುಣಿದರು. ಅವರಿಗೆ ಈ ಹಾಡು ಮೊಬೈಲಿನಲ್ಲಿ ಗೊತ್ತಿತ್ತು, ಪ್ಲೇಟಿನಿಂದ ಬರ್ತದ ಅನ್ನುವುದು ಗೊತ್ತಿರಲಿಲ್ಲ. ಓಣಿಯ ಹಿರೀ ಆಯಿ ಒಬ್ಬಾಕಿ ಕೋಲು ಊರಿಕೊಂಡು ಬಂದು ಕೂತಳು.

"ಇದನ್ನ ಕೇಳೇನಿ ಯಪ್ಪಾ. ಚಾದಂಗಡಿಯಾಗ ಹಚ್ಚತಿದ್ರು. ನಮಗ ಒಳಗ ಬಿಡ್ತಿರಲಿಲ್ಲ. ಹೊರಗ ನಿಂತ ಬಟ್ಲದಾಗ ಚಾ ಕುಡೀತಿದ್ವಿ, ಬಟ್ಲ ನಾವ ತೊಳದ ಇಡತಿದ್ವಿ. ಹಾಡ ಮಾತ್ರ ಹೊರಗ ಬರತಿತ್ತು. ಒಳಗಿನವ್ರು ನಗತಿದ್ರು, ಯಾಕ ನಗತಾರ ನಮಗ ತಿಳೀತಿರಲಿಲ್ಲ. ನಮ್ಮನ್ನ ನೋಡಿ ನಗತಾರ ಅನಕೊಂಡ ತಲಿ ಮ್ಯಾಲ ಸೆರಗ ಎಳಕೋತಿದ್ನಿ."

"ಹಾಡಿಗೆ ನಗ್ತಿದ್ರು ಆಯಿ" ಎಂದೆವು.

"ಹೌದೇನು?" ಅಂದಳು. ನಂಬಿದಳೋ ಇಲ್ಲವೋ. ಸ್ವಲ್ಪ ಹೊತ್ತು ಮಷೀನಿನ ಕಡೆ ನೋಡಿ, "ಆ ಮಗ್ಗಲದ್ದ ಹಚ್ರಿ" ಅಂದಳು. ಪ್ಲೇಟು ತಿರುವಿ ಹಾಕಿದೆವು. ಆ ಮಗ್ಗುಲಲ್ಲಿ ಅಂಚಿನಿಂದ ನಡುವಿನ ತನಕ ಬಿರುಕು ಇತ್ತು. ಸುತ್ತು ಸುತ್ತಿಗೂ ಪಿನ್ನು ಅದರ ಮೇಲೆ ಹಾರಿ ಟಕ್, ಟಕ್ ಎಂದು ಬಡಿಯತೊಡಗಿತು. ಹುಡುಗರು ಬ್ಯಾಸರಾಗಿ ಎದ್ದು ಹೋದರು. ಆಯಿ ಕೋಲಿನಿಂದ ಕಟ್ಟೆಗೆ ಆ ಟಕ್ಕಿನ ಲೆಕ್ಕಕ್ಕೇ ಬಡಿಯುತ್ತ ಕೊನೆಯ ತನಕ ಕೂತಿದ್ದಳು.